ಅಕ್ಕಿ ಗಿರಣಿ, ಒಂದು ಫೋನು, ಮೂರು ನಿಮಿಷ: ಉಸಿರು ಬಿಗಿಹಿಡಿಸುವ ದೃಶ್ಯ ಕಟ್ಟುವ ಬಗೆ

ಆತಂಕದ ದೃಶ್ಯ ತೆಗೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವುದು ಮೂರು ಕೆಲಸ: ದೀಪ ಆರಿಸುವುದು, ಕ್ಯಾಮೆರಾ ಅಲ್ಲಾಡಿಸುವುದು, ಢಂ ಅಂತ ಮ್ಯೂಸಿಕ್ ಹಾಕುವುದು. ಇದರಿಂದ ನೋಡುವವರು ಒಮ್ಮೆ ಬೆಚ್ಚಿಬೀಳುತ್ತಾರೆ, ಮರುಕ್ಷಣವೇ ಬಿಗಿ ಸಡಿಲವಾಗುತ್ತದೆ. ಬೆಚ್ಚುವುದಕ್ಕೆ ಮುಂಚಿನ ಎರಡು ಮೂರು ನಿಮಿಷ ಅವರು ಉಸಿರು ಬಿಗಿಹಿಡಿದು ಕೂರುವಂತೆ ಮಾಡುವುದೇ ಕಷ್ಟದ ಕೆಲಸ. ಅದಕ್ಕೆ ಮೂರು ಸಂಗತಿ ಕೂಡಿಬರಬೇಕು. ಏನೋ ಕೆಟ್ಟದ್ದು ಕಾದಿದೆ ಅಂತ ನೋಡುವವರಿಗೆ ಗೊತ್ತಿರಬೇಕು, ಪಾತ್ರಕ್ಕೆ ಗೊತ್ತಿರಬಾರದು, ಅದು ಆಗುವುದು ತಡವಾಗುತ್ತಾ ಹೋಗಬೇಕು. ಕ್ಯಾಮೆರಾ ಸುದ್ದಿ ಮುಟ್ಟಿಸುತ್ತದೆ, ಸೌಂಡು ಅದನ್ನು ಮರೆಯಗೊಡುವುದಿಲ್ಲ, ಎಡಿಟಿಂಗ್ ತಡ ಮಾಡಿಸುತ್ತದೆ.

ಬರೀ ಮಾತಿನಲ್ಲಿ ಹೇಳಿದರೆ ಇದು ಕೈಗೆ ಸಿಗುವುದಿಲ್ಲ. ಒಂದೇ ದೃಶ್ಯ ಹಿಡಿದು ಕೊನೆತನಕ ಹೋಗೋಣ.

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿ, ರಾತ್ರಿ ಹತ್ತು ಗಂಟೆ. ಮಷೀನು ನಿಂತಿದೆ, ಹಮಾಲರು ಮನೆಗೆ ಹೋಗಿದ್ದಾರೆ. ಲೆಕ್ಕ ಬರೆಯುವ ಹೆಣ್ಣುಮಗಳು ಗೋದಾಮಿಗೆ ಕೀಲಿ ಹಾಕಿ ಹೊರಡಬೇಕು. ಒಟ್ಟಿದ ಚೀಲಗಳ ಹಿಂದೆ ಒಬ್ಬ ಅಡಗಿದ್ದಾನೆ. ಅವಳ ಫೋನು ಚೀಲದ ಮೇಲೆಯೇ ಉಳಿದುಬಿಟ್ಟಿದೆ. ಆಫೀಸಿನ ಲ್ಯಾಂಡ್‌ಲೈನಿನಿಂದ ತನ್ನದೇ ನಂಬರಿಗೆ ಹಚ್ಚುತ್ತಾಳೆ. ಗೋದಾಮಿನ ಕತ್ತಲಲ್ಲಿ ರಿಂಗಾಗುತ್ತದೆ. ರಿಸೀವರ್ ಟೇಬಲ್ಲಿನ ಮೇಲಿಟ್ಟು ಆ ಸದ್ದಿನ ಕಡೆ ನಡೆಯುತ್ತಾಳೆ. ಅರ್ಧ ದಾರಿಯಲ್ಲಿ ರಿಂಗು ತಟ್ಟನೆ ನಿಲ್ಲುತ್ತದೆ. ಯಾರೋ ಕಟ್ ಮಾಡಿದ್ದಾರೆ.

ಕೊಲೆಯಿಲ್ಲ, ರಕ್ತವಿಲ್ಲ. ಎರಡು ಪಾತ್ರ, ಒಂದು ಜಾಗ, ಮೂರು ನಿಮಿಷ. ಒಂದು ಒಳ್ಳೆಯ ಫೋನ್ ಕ್ಯಾಮೆರಾ, ಟ್ರೈಪಾಡ್, ಒಂದು ರೆಕಾರ್ಡರ್ ಇದ್ದರೆ ಎರಡು ರಾತ್ರಿಯಲ್ಲಿ ತೆಗೆಯಬಹುದು.

ಮೊದಲು ಜಾಗ, ಆಮೇಲೆ ಭಯ

ಬಾಗಿಲು ಯಾವ ಕಡೆ, ಚೀಲ ಯಾವ ಕಡೆ, ಫೋನು ಎಲ್ಲಿದೆ ಅಂತ ತಿಳಿಯದಿದ್ದರೆ ನೋಡುವವರಲ್ಲಿ ಹುಟ್ಟುವುದು ಗೊಂದಲ, ಆತಂಕವಲ್ಲ. ಹಾಗಾಗಿ ಮೊದಲ ಶಾಟ್ ಅಗಲವಾಗಿರಲಿ. 24 ಎಂ.ಎಂ. ಲೆನ್ಸ್ (ಬಹುತೇಕ ಫೋನುಗಳ ಮುಖ್ಯ ಕ್ಯಾಮೆರಾ ಸುಮಾರು ಇಷ್ಟೇ), ಟ್ರೈಪಾಡ್ ಎದೆಯೆತ್ತರದಲ್ಲಿ, ದೀಪಗಳೆಲ್ಲ ಉರಿಯುತ್ತಿರುವಾಗಲೇ ಹತ್ತು ಸೆಕೆಂಡು. ಎಡಕ್ಕೆ ಆಫೀಸಿನ ಬಾಗಿಲು, ಬಲಕ್ಕೆ ಚೀಲಗಳು, ದೂರದಲ್ಲಿ ಗೋದಾಮಿನ ಶಟರ್ ಬಾಗಿಲು. ಅವಳು ಆಫೀಸಿನಿಂದ ಚೀಲದವರೆಗೆ ಒಮ್ಮೆ ಬೆಳಕಿನಲ್ಲೇ ಸಲೀಸಾಗಿ ನಡೆದು ಹೋಗಲಿ, ಚೀಲ ಎಣಿಸಲಿ, ಎಣಿಸುವಾಗ ಫೋನು ಚೀಲದ ಮೇಲಿಡಲಿ. ಆ ನಡಿಗೆ ಎಷ್ಟು ಹೆಜ್ಜೆ ಅಂತ ಲೆಕ್ಕ ಇಟ್ಟುಕೊಳ್ಳಿ. ಹದಿನಾಲ್ಕು ಹೆಜ್ಜೆ ಅಂದುಕೊಳ್ಳೋಣ. ಆಮೇಲೆ ಕತ್ತಲಲ್ಲಿ ಅವಳು ಅದೇ ದಾರಿ ಹಿಡಿದಾಗ, ಇನ್ನೂ ಎಷ್ಟು ದೂರ ಉಳಿದಿದೆ ಅಂತ ನೋಡುವವರಿಗೆ ಹೇಳದೆಯೇ ತಿಳಿಯುತ್ತದೆ.

ಈ ಬೆಳಕಿನ ಭಾಗದಲ್ಲೇ ಮಾಡಬೇಕಾದ, ಬಹಳ ಜನ ಮರೆಯುವ ಒಂದು ಕೆಲಸವಿದೆ. ಅವಳ ಫೋನು ಒಮ್ಮೆ ಪೂರ್ತಿ ರಿಂಗಾಗಬೇಕು. ಅವಳು ಸ್ಕ್ರೀನ್ ನೋಡಿ, ಎತ್ತದೆ ಬಿಡಲಿ. ರಿಂಗ್‌ಟೋನು ತನ್ನ ಪಾಡಿಗೆ ಎಂಟು ಹತ್ತು ಸೆಕೆಂಡು ಹಾಡಿ, ಕೊನೆಯ ಸ್ವರ ಮುಗಿಸಿ ನಿಲ್ಲಲಿ. ಈಗ ಆ ರಾಗದ ಕೊನೆ ಹೇಗಿರುತ್ತದೆ ಅಂತ ಕಿವಿಗೆ ಪಾಠವಾಯಿತು. ಮುಂದೆ ಕತ್ತಲಲ್ಲಿ ಅದೇ ರಾಗ ನಡುವೆ ಕತ್ತರಿಸಿದರೆ, ಇದು ತಾನಾಗಿ ನಿಂತದ್ದಲ್ಲ, ಒಂದು ಬೆರಳು ನಿಲ್ಲಿಸಿದ್ದು ಅಂತ ಯಾರೂ ಹೇಳಬೇಕಿಲ್ಲ. ಈ ಪಾಠ ಮಾಡದೆ ಬಿಟ್ಟರೆ ಅರ್ಧ ಜನ ‘ಸಿಗ್ನಲ್ ಹೋಗಿರಬೇಕು’ ಅಂದುಕೊಳ್ಳುತ್ತಾರೆ. ನಿಮ್ಮ ದೃಶ್ಯದ ಬೆನ್ನೆಲುಬೇ ಮುರಿದ ಹಾಗೆ. ಎಲ್ಲರ ಫೋನಿನಲ್ಲೂ ಇರುವ ರಿಂಗ್‌ಟೋನು ಹಾಕಬೇಡಿ, ನೋಡುವವರು ತಮ್ಮ ಜೇಬು ಮುಟ್ಟಿಕೊಳ್ಳುತ್ತಾರೆ. ಸಿನಿಮಾ ಹಾಡಿನ ತುಣುಕೂ ಬೇಡ, ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ನಾಲ್ಕೈದು ಸ್ವರದ ಒಂದು ಸಣ್ಣ ಮಟ್ಟು ನೀವೇ ಮಾಡಿಕೊಳ್ಳಿ.

ಅಡಗಿದವನನ್ನು ತೋರಿಸುವುದು ಹೇಗೆ? ಮುಖ ಬೇಡ. ಅವಳು ದೀಪ ಆರಿಸಿ ಆಫೀಸಿನ ಕಡೆ ಹೋದ ಮೇಲೆ ಕ್ಯಾಮೆರಾ ಅವಳ ಹಿಂದೆ ಹೋಗದೆ ಅಲ್ಲೇ ಉಳಿಯಲಿ. ಹನ್ನೆರಡು ಸೆಕೆಂಡಿನ ಖಾಲಿ ಶಾಟ್. ಮೊದಲ ನಾಲ್ಕೈದು ಸೆಕೆಂಡು ಕಣ್ಣು ಫ್ರೇಮನ್ನೆಲ್ಲ ಸುತ್ತಿ, ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತದೆ. ಏಳನೆಯ ಸೆಕೆಂಡಿಗೆ, ಚೀಲಗಳ ಸಂದಿಯ ಬುಡದಲ್ಲಿ ಬಿದ್ದಿದ್ದ ಒಂದು ಹವಾಯಿ ಚಪ್ಪಲಿ ನಿಧಾನಕ್ಕೆ ಒಳಗೆ ಸರಿಯಲಿ. ಕಾಲು ಕಾಣಬಾರದು, ಹಿಮ್ಮಡಿಯ ನೆರಳಷ್ಟೇ. ಚಪ್ಪಲಿಯ ಕ್ಲೋಸಪ್ ಹಾಕುವ ಆಸೆ ಬರುತ್ತದೆ, ಹಾಕಬೇಡಿ. ತಾನೇ ಹುಡುಕಿ ಕಂಡದ್ದನ್ನು ನೋಡುವವ ಮರೆಯುವುದಿಲ್ಲ, ತೋರಿಸಿಕೊಟ್ಟದ್ದನ್ನು ಬೇಗ ಮರೆಯುತ್ತಾನೆ. ಆದರೆ ಕಾಣುವಂತೆ ಇಡುವುದು ನಿಮ್ಮ ಹೊಣೆ. ಬಿಳಿ ಚೀಲದ ಎದುರು ನೀಲಿ ಪಟ್ಟಿಯ ಚಪ್ಪಲಿ, ಫ್ರೇಮಿನ ಬಲ ಮೂರನೇ ಒಂದು ಭಾಗದಲ್ಲಿ, ಆಫೀಸಿನ ಕಿಟಕಿಯ ಬೆಳಕು ಸ್ವಲ್ಪ ಬೀಳುವ ಕಡೆ. ಫೋನಿನ ಚಿಕ್ಕ ಸ್ಕ್ರೀನಿನಲ್ಲಿ ಹಾಕಿ ನೋಡಿ. ಅಲ್ಲಿ ಕಾಣದಿದ್ದರೆ ಅದು ಇಲ್ಲ ಅಂತಲೇ ಲೆಕ್ಕ.

ಕ್ಯಾಮೆರಾ: ಅವಳ ಬೆನ್ನ ಹಿಂದೆ ಏನು ಉಳಿಸುತ್ತೀರಿ

ಅವಳು ಲ್ಯಾಂಡ್‌ಲೈನ್ ಹಚ್ಚುವಾಗ 50 ಎಂ.ಎಂ. ಲೆನ್ಸ್, ಒಂದೂವರೆ ಮೀಟರ್ ದೂರ. ಮುಖವನ್ನು ಫ್ರೇಮಿನ ಒಂದು ಪಕ್ಕಕ್ಕೆ ತಳ್ಳಿ, ಬೆನ್ನ ಹಿಂದೆ ಗೋದಾಮಿನ ತೆರೆದ ಬಾಗಿಲು ಕಾಣುವಷ್ಟು ಖಾಲಿ ಜಾಗ ಬಿಡಿ. ಕಣ್ಣು ಆ ಖಾಲಿ ಜಾಗದಲ್ಲೇ ನೆಟ್ಟಿರುತ್ತದೆ, ಏನಾದರೂ ಬರುತ್ತದೆ ಅಂತ ಕಾಯುತ್ತದೆ. ಈ ಶಾಟಿನಲ್ಲಿ ಏನೂ ಬರದಿದ್ದರೇ ಒಳ್ಳೆಯದು.

ಇಲ್ಲಿ ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸುವ ಚಪಲ ಅನೇಕರಿಗೆ. ಎಫ್ 1.8ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಅಗಲವಾಗಿ ತೆರೆದು ತೆಗೆದರೆ ಬಾಗಿಲೂ ಮನುಷ್ಯನೂ ಒಂದೇ ಮಬ್ಬು, ಭಯಪಡಲು ಏನೂ ಉಳಿಯುವುದಿಲ್ಲ. ಕಿಂಡಿ ಕಿರಿದು ಮಾಡಿ ಎಫ್ 5.6ಕ್ಕೆ ಇಡಿ. ಬಾಗಿಲು ಬಾಗಿಲು ಅಂತ ಗೊತ್ತಾಗುವಷ್ಟು ಸ್ಪಷ್ಟ, ಅದರೊಳಗೆ ಏನಿದೆ ಅಂತ ತಿಳಿಯದಷ್ಟು ಮಬ್ಬು. ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟ ನೋಡಿದವರಿಗೆ ಇದು ಹೊಸದಲ್ಲ. ಗೊಂಬೆ ಪರದೆಯಿಂದ ದೂರ ಇದ್ದಾಗ ನೆರಳು ದೊಡ್ಡದಾಗಿ, ಅಂಚು ಕದಡಿ ಕಾಣುತ್ತದೆ, ಪರದೆಗೆ ಒತ್ತಿದಾಗಲೇ ಮೂಗು ಕಣ್ಣು ಮೂಡುತ್ತವೆ. ಬರುತ್ತಿರುವುದು ದೇವರೋ ರಾಕ್ಷಸನೋ ಎಂದು ಮಕ್ಕಳು ಕತ್ತು ಚಾಚುವುದು ಆ ಕದಡಿದ ಗಳಿಗೆಯಲ್ಲೇ. ಫೋಕಸ್ ಬದಲಿಸುವಾಗ ಆ ಗಳಿಗೆಯನ್ನು ಹಿಗ್ಗಿಸಿ. ಅವಳ ಮುಖದಿಂದ ಬಾಗಿಲಿಗೆ ಫೋಕಸ್ ಸರಿಸಲು ಅರ್ಧ ಸೆಕೆಂಡು ಸಾಕು, ನೀವು ಮೂರು ಸೆಕೆಂಡು ತೆಗೆದುಕೊಳ್ಳಿ. ಫೋನಿನಲ್ಲಿ ತೆಗೆಯುವವರಿಗೆ ಸೆನ್ಸರ್ ಚಿಕ್ಕದಾದ್ದರಿಂದ ಎಲ್ಲವೂ ಸ್ಪಷ್ಟವೇ ಬರುತ್ತದೆ. ಆಗ ಫೋಕಸ್ ಬಿಟ್ಟು ಬೆಳಕಿನಿಂದ ಮರೆಮಾಡಿ. ಕೃತಕವಾಗಿ ಹಿನ್ನೆಲೆ ಮಸುಕು ಮಾಡುವ ಮೋಡ್ ಬಳಸಬೇಡಿ, ಕೂದಲಂಚು ಹರಿದಂತೆ ಕಂಡು ಮೋಸ ಬಯಲಾಗುತ್ತದೆ.

ಕ್ಯಾಮೆರಾ ನಿಧಾನವಾಗಿ ಮುಖದ ಕಡೆ ಸಾಗುವ ಶಾಟ್ ಈ ದೃಶ್ಯಕ್ಕೆ ಒಂದೇ ಒಂದು ಸಾಕು. ರಿಂಗಾಗುವುದನ್ನು ಅವಳು ಕಿವಿಗೊಟ್ಟು ಕೇಳುವಾಗ 20 ಸೆಕೆಂಡಿನಲ್ಲಿ 60 ಸೆಂ.ಮೀ., ಅಂದರೆ ಸೆಕೆಂಡಿಗೆ 3 ಸೆಂ.ಮೀ. ಕ್ಯಾಮೆರಾ ಸರಿಯುತ್ತಿದೆ ಅಂತ ನೋಡುವವನ ಗಮನಕ್ಕೆ ಬರಬಾರದು, ಉಸಿರಾಡಲು ಜಾಗ ಕಡಿಮೆಯಾಗುತ್ತಿದೆ ಅನ್ನಿಸಬೇಕು, ಅಷ್ಟೇ. ಸ್ಲೈಡರ್ (ಕ್ಯಾಮೆರಾ ಸರಿಸುವ ಹಳಿ) ಇಲ್ಲದಿದ್ದರೆ ನಮ್ಮ ಕಡೆಯ ಶಹಾಬಾದ್ ಕಲ್ಲಿನ ನೆಲವೇ ಅನುಕೂಲ. ನುಣುಪಾದ ಕಲ್ಲಿನ ಮೇಲೆ ದಪ್ಪ ಕಂಬಳಿ ಹಾಸಿ, ಅದರ ಮೇಲೆ ಟ್ರೈಪಾಡ್ ನಿಲ್ಲಿಸಿ, ಕಂಬಳಿಯನ್ನು ಒಬ್ಬರು ಎರಡೂ ಕೈಯಿಂದ ಎಳೆಯಲಿ. ಟ್ರೈಪಾಡ್ ಕಾಲು ಪೂರ್ತಿ ತಗ್ಗಿಸಿ, ನಡುವಿನ ಕೊಕ್ಕೆಗೆ ಎರಡು ಮೂರು ಕಿಲೋ ಅಕ್ಕಿಯ ಚೀಲ ತೂಗುಹಾಕಿ, ಅದು ನೆಲಕ್ಕೆ ತುಸು ತಾಗಿರಲಿ, ಇಲ್ಲದಿದ್ದರೆ ಲೋಲಕದ ಹಾಗೆ ತೂಗುತ್ತದೆ. ಕಲ್ಲು ಕಲ್ಲಿನ ನಡುವಿನ ಗೀರಿನಲ್ಲಿ ಕ್ಯಾಮೆರಾ ಜಿಗಿಯುವುದು ಇದರ ದೋಷ. 60 ಸೆಂ.ಮೀ. ಚೌಕದ ಕಲ್ಲಾದರೆ ಟ್ರೈಪಾಡ್ ಕಾಲುಗಳನ್ನು ಗೀರಿನಿಂದ ಆದಷ್ಟು ದೂರ ಶುರುಮಾಡಿ, ಎಳೆತವನ್ನು 40 ಸೆಂ.ಮೀ.ಗೆ ಮಿತಿಗೊಳಿಸಿ, ಅದೇ ವೇಗದಲ್ಲಿ 13 ಸೆಕೆಂಡಿನ ಶಾಟ್ ಸಿಗುತ್ತದೆ. ಜಿಗಿದರೆ ಎಡಿಟಿಂಗಿನಲ್ಲಿ ಸರಿಪಡಿಸುವ ಭರವಸೆ ಇಟ್ಟುಕೊಳ್ಳದೆ ಮತ್ತೆ ತೆಗೆಯಿರಿ.

ಇದೂ ಆಗದಿದ್ದರೆ 4ಕೆಯಲ್ಲಿ ತೆಗೆದು ಎಡಿಟಿಂಗ್ ಸಾಫ್ಟ್‌ವೇರಿನ 1080ಪಿ ಟೈಮ್‌ಲೈನಿನಲ್ಲಿ ಹಾಕಿ, ಹತ್ತು ಸೆಕೆಂಡಿನಲ್ಲಿ ಚಿತ್ರವನ್ನು ನೂರಕ್ಕೆ ಎಂಟರಷ್ಟು ಹಿಗ್ಗಿಸಬಹುದು, ಗುಣಮಟ್ಟ ಕೆಡುವುದಿಲ್ಲ. ಆದರೆ ಕ್ಯಾಮೆರಾ ನಿಜವಾಗಿ ಸರಿದಾಗ ಹಿಂದಿನ ಬಾಗಿಲು ಮುಖದ ಹಿಂದೆ ಜಾರುತ್ತದೆ, ಹಿಗ್ಗಿಸಿದಾಗ ಜಾರುವುದಿಲ್ಲ. ಆ ಜಾರುವಿಕೆಯಲ್ಲೇ ಬಿಗಿ ಇರುವುದು, ಆದ್ದರಿಂದ ಇದು ಕೊನೆಯ ಉಪಾಯ.

ಕೈಯಲ್ಲಿ ಹಿಡಿದ ಕ್ಯಾಮೆರಾ ರಿಂಗು ನಿಂತ ಮೇಲೆ ಮಾತ್ರ ಬರಲಿ. ಮೊದಲಿಂದಲೂ ಅಲ್ಲಾಡಿಸುತ್ತಿದ್ದರೆ ಆ ಹೊತ್ತಿಗೆ ಅಲ್ಲಾಟಕ್ಕೆ ಬೆಲೆಯೇ ಇರುವುದಿಲ್ಲ. ಹಾಗೇ ಅಡಗಿದವನ ಕಣ್ಣಿನಿಂದ ಅವಳನ್ನು ನೋಡುವ ಶಾಟ್ ಒಂದಕ್ಕಿಂತ ಹೆಚ್ಚು ಬೇಡ. ಪದೇ ಪದೇ ಅವನ ಜಾಗದಿಂದ ನೋಡಿಸಿದರೆ ನೋಡುವವರು ತಿಳಿಯದೆಯೇ ಅವನ ಪಕ್ಷ ಸೇರುತ್ತಾರೆ, ಅವಳ ಮೇಲಿನ ಕಾಳಜಿ ಹೋಗುತ್ತದೆ. ಈ ಮಾತು ಎಷ್ಟು ಹೇಳಿದರೂ ಸಾಲದು: ಆ ಹೆಣ್ಣುಮಗಳ ಬಗ್ಗೆ ಕಾಳಜಿ ಹುಟ್ಟಿಸದೆ ಯಾವ ಲೆನ್ಸಿನಿಂದಲೂ ಆತಂಕ ಹುಟ್ಟಿಸಲಾಗದು. ಮೊದಲ ಅರ್ಧ ನಿಮಿಷದಲ್ಲಿ ಅವಳು ಲೆಕ್ಕದಲ್ಲಿ ಒಂದು ತಪ್ಪು ಕಂಡು ನಾಲಿಗೆ ಕಚ್ಚಿಕೊಂಡು ತಿದ್ದಲಿ, ಟಿಫಿನ್ ಡಬ್ಬಿಯ ಮುಚ್ಚಳ ಬಿಗಿಯಾಗಿ ಒತ್ತಲಿ. ಅಷ್ಟು ಸಾಕು.

ಬೆಳಕಿನ ಬಗ್ಗೆ ಚಿಕ್ಕದಾಗಿ. ಕತ್ತಲು ಎಂದರೆ ಕಪ್ಪು ಪರದೆಯಲ್ಲ. ಒಂದೆರಡು ಬೆಳಕಿನ ಮೂಲ, ಉಳಿದದ್ದು ನೆರಳು. ಆಫೀಸಿನ ಕಿಟಕಿಯಿಂದ ಬರುವ ಟ್ಯೂಬ್‌ಲೈಟಿನ ಜೊತೆಗೆ ಗೋದಾಮಿನ ಆಚೆ ತುದಿಯಲ್ಲಿ, ಚೀಲಗಳ ಹಿಂದೆ ಮೇಲಕ್ಕೆ, 9 ವಾಟಿನ ಎರಡು ಎಲ್‌ಇಡಿ ಬಲ್ಬು ಕಟ್ಟಿ. ಹಿಂದಿನಿಂದ ಬೀಳುವ ಬೆಳಕಿಗೆ ಗಾಳಿಯಲ್ಲಿನ ಹೊಟ್ಟಿನ ಧೂಳು ತಾನೇ ಹೊಳೆಯುತ್ತದೆ. ಧೂಳು ಸಾಲದೆಂದು ಸಾಂಬ್ರಾಣಿ ಹೊಗೆ ಹಾಕುವುದು, ಬೆಂಕಿ ಹಚ್ಚುವುದು ಗಿರಣಿಯೊಳಗೆ ಕೂಡದೇ ಕೂಡದು. ಗಾಳಿಯಲ್ಲಿ ದಟ್ಟವಾಗಿ ಹರಡಿದ ಧಾನ್ಯದ ಧೂಳು ಸ್ಫೋಟಿಸುವ ವಸ್ತು. ನಮ್ಮ ಕರೆಂಟು 50 ಹರ್ಟ್ಜ್‌ನದು, ಆದ್ದರಿಂದ ಸೆಕೆಂಡಿಗೆ 25 ಫ್ರೇಮು, ಶಟರ್ ಸ್ಪೀಡ್ 1/50 ಇಟ್ಟರೆ ಟ್ಯೂಬ್‌ಲೈಟು ಮಿನುಗುವುದಿಲ್ಲ. 24 ಫ್ರೇಮಿನಲ್ಲೇ ತೆಗೆಯುವ ಹಟವಿದ್ದರೆ ಶಟರ್ ಕೋನ 172.8 ಡಿಗ್ರಿ, ಅದೂ 1/50ಕ್ಕೇ ಬರುತ್ತದೆ. ಎಕ್ಸ್‌ಪೋಷರ್ (ಬೆಳಕಿನ ಮಟ್ಟ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಎರಡನ್ನೂ ಲಾಕ್ ಮಾಡಿ. ಲಾಕ್ ಮಾಡದ ಫೋನು ಕತ್ತಲ ಕಡೆ ತಿರುಗಿದ ಕೂಡಲೇ ತಾನೇ ಬೆಳಕು ಏರಿಸುತ್ತದೆ, ಅಲ್ಲಿಗೆ ರಾತ್ರಿ ಮುಗಿಯಿತು.

ಸೌಂಡು: ಆತಂಕದ ಮುಕ್ಕಾಲು ಪಾಲು ಇಲ್ಲಿದೆ

ಕಣ್ಣು ಮುಚ್ಚಿಕೊಳ್ಳಬಹುದು, ಕಿವಿ ಮುಚ್ಚಿಕೊಳ್ಳಲು ಬರುವುದಿಲ್ಲ. ಚಿತ್ರ ಸಾಧಾರಣವಾಗಿದ್ದು ಸೌಂಡು ಸರಿಯಾಗಿದ್ದರೆ ದೃಶ್ಯ ನಿಲ್ಲುತ್ತದೆ. ಚಿತ್ರ ಚೆನ್ನಾಗಿದ್ದು ಸೌಂಡು ಕೆಟ್ಟರೆ ಯಾರೂ ಒಂದು ನಿಮಿಷ ಕೂರುವುದಿಲ್ಲ.

ರೆಕಾರ್ಡರ್ 48 ಕಿಲೋಹರ್ಟ್ಜ್, 24 ಬಿಟ್‌ಗೆ ಇಡಿ. ಮಾತಿನ ಗರಿಷ್ಠ ಮಟ್ಟ ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ಆಡಲಿ. ಫ್ಯಾನು, ಇನ್ವರ್ಟರ್, ನೀರಿನ ಫಿಲ್ಟರು, ಆಫೀಸಿನ ಫ್ರಿಡ್ಜು ಬಂದ್ ಮಾಡಿ. ಫ್ರಿಡ್ಜು ಬಂದ್ ಮಾಡುವವರು ತಮ್ಮ ಗಾಡಿಯ ಕೀಲಿಕೈಯನ್ನು ಅದರೊಳಗೇ ಇಡಿ, ಹೊರಡುವಾಗ ಮತ್ತೆ ಚಾಲೂ ಮಾಡುವುದು ಮರೆಯುವುದಿಲ್ಲ. ಸೀರೆಯ ಸೆರಗಿನಡಿ ಕಾಲರ್ ಮೈಕ್ ಇಡುವುದಾದರೆ ಹತ್ತಿಯ ಸೀರೆ ಉಡಿಸಿ, ಸಿಂಥೆಟಿಕ್ ಬಟ್ಟೆ ಹೆಜ್ಜೆಹೆಜ್ಜೆಗೂ ಸರಸರ ಎನ್ನುತ್ತದೆ. ಮೈಕನ್ನು ಬಟ್ಟೆಗೆ ಎರಡೂ ಕಡೆಯಿಂದ ಮೆಡಿಕಲ್ ಟೇಪಿನಲ್ಲಿ ಅಂಟಿಸಿ, ತಂತಿಗೆ ಒಂದು ಸಣ್ಣ ಸುತ್ತು ಕೊಡಿ. ಆಮೇಲೆ ಚಿತ್ರಕ್ಕೆ ಸೌಂಡು ಹೊಂದಿಸಲು ಗುರುತು ಸಿಗಲೆಂದು ಪ್ರತಿ ಶಾಟಿಗೂ ಕೈ ಚಪ್ಪಾಳೆ ತಟ್ಟಿ ಶುರುಮಾಡಿ.

ಫೋನಿನಲ್ಲಿ ತೆಗೆದವರಿಗೆ ಒಂದು ಎಚ್ಚರಿಕೆ: ಸಾಮಾನ್ಯ ಕ್ಯಾಮೆರಾ ಆ್ಯಪುಗಳು ಫ್ರೇಮು ವೇಗವನ್ನು ಬೆಳಕಿಗೆ ತಕ್ಕಂತೆ ಹೆಚ್ಚುಕಮ್ಮಿ ಮಾಡುತ್ತವೆ. ಬೇರೆ ರೆಕಾರ್ಡರಿನ ಸೌಂಡು ಶುರುವಿನಲ್ಲಿ ಹೊಂದಿ ಕೊನೆಗೆ ತುಟಿಗೆ ತಪ್ಪುವುದು ಹೆಚ್ಚಾಗಿ ಇದರಿಂದಲೇ. ಫ್ರೇಮು ವೇಗ ಲಾಕ್ ಮಾಡುವ ಆ್ಯಪು ಬಳಸಿ, ಇಲ್ಲವೇ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ 25 ಫ್ರೇಮಿಗೆ ಬದಲಿಸಿಕೊಂಡು ಆಮೇಲೆ ಎಡಿಟಿಂಗಿಗೆ ಕೂರಿ.

ಶೂಟಿಂಗ್ ಮುಗಿದ ಮೇಲೆ ಎಲ್ಲರೂ ಅಲ್ಲಾಡದೆ ನಿಂತು ಆ ಗೋದಾಮಿನ ಬರೀ ಮೌನವನ್ನು 60 ಸೆಕೆಂಡು ರೆಕಾರ್ಡ್ ಮಾಡಿಕೊಳ್ಳಿ. ಆಫೀಸಿನದ್ದು ಬೇರೆ, ಹೊರಗಿನ ಅಂಗಳದ್ದು ಬೇರೆ. ಸಿನಿಮಾದಲ್ಲಿ ಮೌನ ಅಂದರೆ ಸೌಂಡ್ ಇಲ್ಲದಿರುವುದಲ್ಲ. ಟ್ರ್ಯಾಕು ಪೂರ್ತಿ ಖಾಲಿ ಬಿಟ್ಟರೆ ನೋಡುವವರು ಇಯರ್‌ಫೋನ್ ಕೆಟ್ಟಿತೇನೋ ಅಂತ ಮುಟ್ಟಿ ನೋಡುತ್ತಾರೆ. ಮೌನವನ್ನು ಕಟ್ಟಬೇಕು, ಅಂದರೆ ಮೊದಲು ಸದ್ದು ತುಂಬಿ ಆಮೇಲೆ ಒಂದೊಂದಾಗಿ ತೆಗೆಯಬೇಕು.

ನಮ್ಮ ದೃಶ್ಯದಲ್ಲಿ ಹೀಗೆ. ಅವಳು ಲೆಕ್ಕ ಬರೆಯುವಾಗ ಐದು ಸದ್ದು ಇರಲಿ: ಜೀರುಂಡೆ, ದೂರದ ರಸ್ತೆಯ ಲಾರಿ, ಟ್ಯೂಬ್‌ಲೈಟಿನ ಗುಂಯ್, ಗೋಡೆ ಗಡಿಯಾರ, ಪೆನ್ನಿನ ಗೀಚು. ದೀಪ ಆರಿದಾಗ ಗೋದಾಮಿನ ಟ್ಯೂಬಿನ ಗುಂಯ್ ಹೋಯಿತು. ಲ್ಯಾಂಡ್‌ಲೈನ್ ಹಚ್ಚುವಾಗ ಲಾರಿ ಹೋಯಿತು. ಅವಳು ನಡೆಯತೊಡಗಿದಾಗ ಗಡಿಯಾರ ಹಿಂದೆ ಉಳಿಯಿತು. ಈಗ ಜೀರುಂಡೆ ಮತ್ತು ರಿಂಗು ಮಾತ್ರ. ರಿಂಗು ಕತ್ತರಿಸಿದ ಜಾಗಕ್ಕಿಂತ ಒಂದು ಸೆಕೆಂಡು ಮುಂಚೆ ಜೀರುಂಡೆಯನ್ನೂ ನಿಲ್ಲಿಸಿ. ಹತ್ತಿರ ಹೆಜ್ಜೆ ಬಿದ್ದರೆ ಜೀರುಂಡೆ ಸುಮ್ಮನಾಗುತ್ತದೆ ಅಂತ ಹಳ್ಳಿಯಲ್ಲಿ ಮಲಗಿದ ಪ್ರತಿಯೊಬ್ಬರಿಗೂ ಗೊತ್ತು. ಯಾಕೆ ಅಂತ ಯೋಚಿಸುವ ಮೊದಲೇ ಅವರ ಮೈ ಜುಂ ಎನ್ನುತ್ತದೆ.

ರಿಂಗು ನಿಂತಿತು. ಈಗ ಎರಡು ಸೆಕೆಂಡು ಗೋದಾಮಿನ ಬರೀ ಮೌನ. ಆಮೇಲೆ, ಅವಳ ಬೆನ್ನ ಹಿಂದೆ, ಆಫೀಸಿನ ಟೇಬಲ್ಲಿನ ಮೇಲಿಟ್ಟ ರಿಸೀವರಿನಿಂದ ತೆಳ್ಳಗೆ ಎಂಗೇಜ್ ಟೋನು. ಇಡೀ ದೃಶ್ಯದಲ್ಲಿ ಅತಿ ಸಣ್ಣ ಸದ್ದು ಇದು, ಅತಿ ದೊಡ್ಡ ಸುದ್ದಿಯೂ ಇದೇ. ಇದನ್ನು ನಿಜವಾದ ರಿಸೀವರನ್ನು ಮರದ ಟೇಬಲ್ಲಿನ ಮೇಲಿಟ್ಟು ನಾಲ್ಕು ಮೀಟರ್ ದೂರದಿಂದ ರೆಕಾರ್ಡ್ ಮಾಡಿ. ಹತ್ತಿರದಿಂದ ಹಿಡಿದು ಆಮೇಲೆ ವಾಲ್ಯೂಮ್ ತಗ್ಗಿಸಿದರೆ ದೂರದ ಸದ್ದು ಆಗುವುದಿಲ್ಲ, ಹತ್ತಿರದ ಸಣ್ಣ ಸದ್ದಾಗುತ್ತದೆ. ದೂರ ಎಂಬುದು ಗೋಡೆಗೆ ಬಡಿದು ಬರುವ ಅನುರಣನದಲ್ಲಿದೆ, ವಾಲ್ಯೂಮಿನಲ್ಲಿಲ್ಲ.

ಫೋನಿನ ರಿಂಗಿಗೂ ಇದೇ ನಿಯಮ. ರಿಂಗ್‌ಟೋನಿನ ಫೈಲನ್ನು ನೇರ ಟೈಮ್‌ಲೈನಿಗೆ ಹಾಕಬೇಡಿ. ಫೋನು ಚೀಲದ ಮೇಲಿಟ್ಟು ನುಡಿಸಿ, ಹದಿನಾಲ್ಕು ಹೆಜ್ಜೆ ದೂರದಿಂದ, ಏಳು ಹೆಜ್ಜೆಯಿಂದ, ಎರಡು ಹೆಜ್ಜೆಯಿಂದ ಮೂರು ಸಲ ಹಿಡಿಯಿರಿ. ಚೀಲದೊಳಗಿನ ಅಕ್ಕಿ ಫೋನಿನ ನಡುಕವನ್ನು ನುಂಗಿ ಗುರ್ ಗುರ್ ಎನ್ನುವ ಒಂದು ಮಂದ ಸದ್ದು ಕೊಡುತ್ತದೆ, ಅದು ಯಾವ ಸೌಂಡ್ ಲೈಬ್ರರಿಯಲ್ಲೂ ಸಿಗದು.

ಹೆಜ್ಜೆ ಸದ್ದನ್ನು ಆಮೇಲೆ ಬೇರೆಯಾಗಿ ಮಾಡಿಕೊಳ್ಳಿ. ಒಂದು ಕೋಣೆಯ ಗೋಡೆಗೆ ಮೂರು ನಾಲ್ಕು ಕೌದಿ ತೂಗುಹಾಕಿದರೆ ಪ್ರತಿಧ್ವನಿ ಇಲ್ಲದ ರೆಕಾರ್ಡಿಂಗ್ ಕೋಣೆ ಸಿದ್ಧ. ಅವಳ ಹೆಜ್ಜೆಗೆ ಶಹಾಬಾದ್ ಕಲ್ಲಿನ ಮೇಲೆ ತೆಳುವಾಗಿ ಹರಡಿದ ಭತ್ತದ ಹೊಟ್ಟು, ಮೈಕು ನೆಲದಿಂದ ಒಂದು ಅಡಿ. ಅಡಗಿದವನ ಹೆಜ್ಜೆಗೆ ಹೊಟ್ಟು ಎರಡು ಬೆರಳು ದಪ್ಪ. ಒಂದೇ ನೆಲದ ಎರಡು ಸದ್ದು, ಕಣ್ಣಿಗೆ ಕಾಣದಿದ್ದರೂ ಯಾರು ನಡೆದರು ಅಂತ ಕಿವಿಗೆ ತಿಳಿಯುತ್ತದೆ. ಆಮೇಲೆ ಎರಡಕ್ಕೂ ಗೋದಾಮಿನ ಅನುರಣನ ಸೇರಿಸಿ. ದೃಶ್ಯವನ್ನು ಆನೆಗೊಂದಿ ಕಡೆಯ ಬಂಡೆಗಳ ನಡುವೆ ಬಯಲಿಗೆ ಒಯ್ದರೆ ಲೆಕ್ಕ ಬೇರೆ. 50 ಮೀಟರ್ ದೂರದ ಬಂಡೆಗೆ ಬಡಿದ ಕೂಗು ಸುಮಾರು 0.3 ಸೆಕೆಂಡಿಗೆ ವಾಪಸು ಬರುತ್ತದೆ. ಡಿಲೇ ಎಫೆಕ್ಟನ್ನು 300 ಮಿಲಿಸೆಕೆಂಡಿಗೆ ಇಟ್ಟು, ಮರಳಿದ ಕೂಗಿನ ಚೂಪು ತುಸು ಕಳೆದರೆ ನಂಬುವಂತಾಗುತ್ತದೆ.

ಇನ್ನು ಮ್ಯೂಸಿಕ್. ಮೊದಲ ಎರಡು ನಿಮಿಷ ಬೇಡವೇ ಬೇಡ. ‘ಈಗ ಹೆದರಿಕೊಳ್ಳಿ’ ಅಂತ ಮುಂಚೆಯೇ ಹೇಳಿಬಿಟ್ಟರೆ ಹೆದರಿಕೆ ಬರುವುದಿಲ್ಲ. ಅವಳು ಕತ್ತಲಿಗೆ ಕಾಲಿಟ್ಟಾಗ 50-60 ಹರ್ಟ್ಜ್‌ನ ಒಂದು ತಗ್ಗು ಗುಂಗು ಬಹಳ ಮೆಲ್ಲಗೆ ಶುರುವಾಗಿ, ಇಪ್ಪತ್ತು ಸೆಕೆಂಡಿನಲ್ಲಿ ಏರಿ, ರಿಂಗಿನ ಜೊತೆಗೇ ಕತ್ತರಿಸಿಹೋಗಲಿ. ಇಲ್ಲೊಂದು ತೊಡಕಿದೆ. ನೋಡುವವರಲ್ಲಿ ಹೆಚ್ಚಿನವರು ಫೋನಿನ ಸ್ಪೀಕರಿನಲ್ಲೇ ಕೇಳುತ್ತಾರೆ, ಅಲ್ಲಿ 200 ಹರ್ಟ್ಜ್‌ಗಿಂತ ಕೆಳಗಿನದು ಇಲ್ಲವೆನ್ನುವಷ್ಟು ಕ್ಷೀಣ. ಸ್ಟುಡಿಯೋದಲ್ಲಿ ಎದೆ ನಡುಗಿಸಿದ ಗುಂಗು ಅವರಿಗೆ ಕೇಳುವುದೇ ಇಲ್ಲ. ಅದೇ ಸ್ವರದ ಮೇಲಿನ ಸ್ಥಾಯಿಗಳನ್ನು, 240ರಿಂದ 480 ಹರ್ಟ್ಜ್ ಸುತ್ತ, ತೆಳ್ಳಗೆ ಬೆರೆಸಿ. ಎಂದಿಗೂ ಮುಗಿಯದ ಏರಿಕೆ ಬೇಕೆಂದರೆ ಮನಶ್ಶಾಸ್ತ್ರಜ್ಞ ರೋಜರ್ ಶೆಪರ್ಡ್ 1964ರಲ್ಲಿ ವಿವರಿಸಿದ ಉಪಾಯವಿದೆ. ಒಂದೊಂದು ಸ್ಥಾಯಿ ಅಂತರದ ಹಲವು ಸ್ವರಗಳು ಒಟ್ಟಿಗೆ ಏರುತ್ತವೆ, ಮೇಲಿನದು ಮೆಲ್ಲಗೆ ಮರೆಯಾಗುವಾಗ ಕೆಳಗಿನಿಂದ ಹೊಸದು ಮೆಲ್ಲಗೆ ಸೇರುತ್ತದೆ. ಕಿವಿಗೆ ಬರೀ ಏರುತ್ತಲೇ ಇರುವಂತೆ ಕೇಳಿಸುತ್ತದೆ. ಹದಿನೈದು ಸೆಕೆಂಡಿಗಿಂತ ಹೆಚ್ಚು ಎಳೆದರೆ ತಲೆನೋವು ತರಿಸುತ್ತದೆ.

ಎಡಿಟಿಂಗ್: ತಡ ಮಾಡುವ ವಿದ್ಯೆ

ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್, ನಟನೊಬ್ಬನ ಒಂದೇ ನಿರ್ಭಾವದ ಮುಖವನ್ನು ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿ ತೋರಿಸಿದ. ಸೂಪಿನ ತಟ್ಟೆಯ ಪಕ್ಕ ಅದು ಹಸಿವಾಗಿ ಕಂಡಿತು, ಶವಪೆಟ್ಟಿಗೆಯ ಪಕ್ಕ ದುಃಖವಾಗಿ. ಆದ್ದರಿಂದ ನಿಮ್ಮ ನಟಿಗೆ ಕಣ್ಣರಳಿಸಿ ಹೆದರಲು ಹೇಳಬೇಡಿ. ಅವಳು ಸುಮ್ಮನೆ ಕಿವಿಗೊಟ್ಟು ನಿಲ್ಲಲಿ, ಮುಂದಿನ ಶಾಟು ಕತ್ತಲ ಬಾಗಿಲಾಗಿರಲಿ. ಹೆದರಿಕೆಯನ್ನು ನೋಡುವವರೇ ಅವಳ ಮುಖಕ್ಕೆ ಹಚ್ಚುತ್ತಾರೆ.

ಅವಳ ನಡಿಗೆಯ ಶಾಟುಗಳ ಉದ್ದ ಹೀಗಿಟ್ಟು ನೋಡಿ: 11 ಸೆಕೆಂಡು, 8, 6, 4, 4, ಎರಡೂವರೆ. ರಿಂಗು ನಿಲ್ಲುತ್ತದೆ. ಆಮೇಲೆ ಕಟ್ ಇಲ್ಲದ 16 ಸೆಕೆಂಡು. ಶಾಟುಗಳು ಗಿಡ್ಡವಾಗುತ್ತಾ ಬಂದಾಗ ಮೈ ಆ ತಾಳಕ್ಕೆ ಹೊಂದಿಕೊಂಡಿರುತ್ತದೆ, ಮುಂದಿನ ಕಟ್ ಬರಬೇಕಾದ ಕಡೆ ಬರದೇ ಹೋದಾಗ ಕಾಲಡಿಯ ಮೆಟ್ಟಿಲೊಂದು ತಪ್ಪಿದಂತಾಗುತ್ತದೆ. ಆ 16 ಸೆಕೆಂಡಿನಲ್ಲೇ ಎಂಗೇಜ್ ಟೋನು ಬರುವುದು, ಅವಳು ತಲೆ ತಿರುಗಿಸದೆ ಕಣ್ಣು ಮಾತ್ರ ಪಕ್ಕಕ್ಕೆ ಸರಿಸುವುದು. ಬಹುತೇಕರು ಇಲ್ಲಿ ಧೈರ್ಯ ಕಳೆದುಕೊಂಡು ನಾಲ್ಕು ಸೆಕೆಂಡಿಗೇ ಕಟ್ ಮಾಡಿಬಿಡುತ್ತಾರೆ. ಮಾಡಬೇಡಿ, ಹಿಡಿದುಕೊಳ್ಳಿ.

ನಡಿಗೆ ನಿಜದಲ್ಲಿ ಹನ್ನೆರಡು ಸೆಕೆಂಡಿನದು, ನಾವು ಅದನ್ನು ಸುಮಾರು 35 ಸೆಕೆಂಡು ಮಾಡಿದ್ದೇವೆ. ಇದು ಸ್ಲೋ ಮೋಷನ್ನಿನಿಂದಲ್ಲ, ಹೆಜ್ಜೆ, ಬಾಗಿಲು, ಮುಖ, ಚೀಲದ ಸಂದಿಯಲ್ಲಿ ಮಿನುಗುವ ಫೋನಿನ ಬೆಳಕು ಎಂದು ಕಟ್ ಮಾಡುತ್ತಾ ಪ್ರತಿ ಸಲವೂ ಒಂದೆರಡು ಹೆಜ್ಜೆ ಹಿಂದಿನಿಂದ ಶುರುಮಾಡಿದ್ದರಿಂದ. ಹಾಗೆ ಶುರುಮಾಡಲು ಶೂಟಿಂಗಿನಲ್ಲೇ ಇಡೀ ನಡಿಗೆಯನ್ನು ಪ್ರತಿ ಕೋನದಿಂದಲೂ ಪೂರ್ತಿ ತೆಗೆದಿರಬೇಕು. ಅಗಲದ ಶಾಟನ್ನು ಇಲ್ಲಿ ಬೆರೆಸಬೇಡಿ, ದೂರ ಕಡಿಮೆಯಾಗಿಲ್ಲ ಎಂಬ ಗುಟ್ಟು ಅದರಲ್ಲಿ ಹೊರಬೀಳುತ್ತದೆ.

ಸೌಂಡು ಮತ್ತು ಚಿತ್ರವನ್ನು ಒಂದೇ ಜಾಗದಲ್ಲಿ ಕತ್ತರಿಸಬೇಡಿ. ಮುಂದಿನ ಜಾಗದ ಸದ್ದು 12ರಿಂದ 20 ಫ್ರೇಮು ಮೊದಲೇ ಬರಲಿ. ಅವಳ ಮುಖದ ಮೇಲೆಯೇ ಗೋದಾಮಿನ ಹೊಟ್ಟಿನ ಸರಕ್ ಕೇಳಲಿ, ಆಮೇಲೆ ಚಿತ್ರ ಬದಲಾಗಲಿ. ಮಾತು ಕಡಿಮೆ ಮಾಡಿ. ‘ಯಾರ್ರೀ ಅದು?’ ಎಂಬ ಒಂದೇ ಮಾತು ಸಾಕು, ಅದೂ ಅರ್ಧ ದನಿಯಲ್ಲಿ. ಉತ್ತರ ಬರುವ ಮೊದಲೇ ಕಟ್.

ಕತ್ತಲಿಲ್ಲದ ಆತಂಕ

ರಾಯಚೂರಿನ ಮೇ ತಿಂಗಳ ನಡು ಮಧ್ಯಾಹ್ನ ರಾತ್ರಿಗಿಂತ ನಿರ್ಜನ. ಅಂಗಡಿಗಳ ಬಾಗಿಲು ಅರ್ಧ ಎಳೆದಿರುತ್ತದೆ, ನಾಯಿ ಕೂಡ ನೆರಳು ಬಿಟ್ಟು ಕದಲುವುದಿಲ್ಲ. ಇಂಥ ಬಿಸಿಲಿನ ಆತಂಕ ನಮ್ಮ ಕಡೆಯವರು ಇನ್ನೂ ಹೆಚ್ಚಾಗಿ ತೆಗೆಯಬೇಕಾದದ್ದು. 200 ಎಂ.ಎಂ. ಲೆನ್ಸ್ ಹಾಕಿ, ಟಾರು ರಸ್ತೆಯಿಂದ ಒಂದಡಿ ಎತ್ತರದಲ್ಲಿ ಕ್ಯಾಮೆರಾ ಇಟ್ಟು, 150 ಮೀಟರ್ ದೂರದಿಂದ ಒಬ್ಬ ನಡೆದುಬರುವುದನ್ನು ತೆಗೆಯಿರಿ. ಬಿಸಿಗಾಳಿಯ ಅಲೆಯಲ್ಲಿ ಅವನ ಕಾಲು ಕರಗಿ ಕರಗಿ ಕೂಡುತ್ತದೆ. ಉದ್ದ ಲೆನ್ಸಿನಲ್ಲಿ ದೂರ ಕುಗ್ಗುವುದರಿಂದ ಎಷ್ಟು ನಡೆದರೂ ಹತ್ತಿರ ಬಂದಂತೆ ಕಾಣುವುದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಈ ಅಲೆ ಸರಿಯಾಗಿ ಏಳುವುದಿಲ್ಲ, ಹನ್ನೊಂದರಿಂದ ಮೂರರವರೆಗೆ ಚೆನ್ನಾಗಿ ಸಿಗುತ್ತದೆ.

ಆ ಹೊತ್ತಿಗೆ ಕ್ಯಾಮೆರಾ ಕೈಕೊಡುತ್ತದೆ. 4ಕೆ ರೆಕಾರ್ಡಿಂಗ್ ಮಾಡುವ ಫೋನು ಬಿಸಿಲಿನಲ್ಲಿ ಕೆಲವೇ ನಿಮಿಷಕ್ಕೆ ಕಾದು ತಾನೇ ಬಂದ್ ಆಗಬಹುದು. ಬಿಳಿ ಕೊಡೆ ಹಿಡಿಯಿರಿ, ಫೋನಿನ ಕವರ್ ತೆಗೆಯಿರಿ, ಸ್ಕ್ರೀನಿನ ಬೆಳಕು ತಗ್ಗಿಸಿ, ಶಾಟು ಶಾಟಿನ ನಡುವೆ ನೆರಳಿಗೆ ಒಯ್ಯಿರಿ. ಫ್ರಿಡ್ಜಿನಲ್ಲಿ ಇಟ್ಟು ತಣಿಸಬೇಡಿ, ಹೊರತೆಗೆದಾಗ ಲೆನ್ಸಿನ ಒಳಗೇ ಹನಿ ಕಟ್ಟಬಹುದು. ಸಂಡೂರಿನ ಗಣಿ ಕಡೆಯ ಕೆಂಪು ಧೂಳಿನಲ್ಲಿ ಲೆನ್ಸ್ ಬದಲಿಸುವುದಾದರೆ ಗಾಡಿಯೊಳಗೆ, ಗಾಜು ಏರಿಸಿಕೊಂಡು. ಲೆನ್ಸಿನ ಮೇಲೆ ಕೂತ ಧೂಳನ್ನು ಮೊದಲು ಬ್ಲೋಯರಿನಿಂದ ಊದಿ ತೆಗೆಯಿರಿ. ಊದದೆ ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ.

ಜಾಗದ ಅನುಮತಿಯನ್ನು ಮೊದಲೇ ನೋಡಿಕೊಳ್ಳಿ. ಬಳ್ಳಾರಿ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಸಿನಿಮಾ ಚಿತ್ರೀಕರಣಕ್ಕೆ ಇಲಾಖೆಯ ಪರವಾನಗಿ ಬೇಕು. ಶಕ್ತಿನಗರದ ವಿದ್ಯುತ್ ಸ್ಥಾವರ, ತುಂಗಭದ್ರಾ ಅಣೆಕಟ್ಟಿನಂಥ ಕಡೆ ಕೇಳದೆ ಕ್ಯಾಮೆರಾ ತೆಗೆಯಬೇಡಿ. ರಾತ್ರಿ ಗಿರಣಿಯಲ್ಲಿ ತೆಗೆಯುವಾಗ ಹತ್ತಿರದ ಪೊಲೀಸ್ ಠಾಣೆಗೆ ಒಂದು ಮಾತು ಹೇಳಿ, ಮಷೀನಿನ ಮೇನ್ ಸ್ವಿಚ್ಚು ಇಳಿಸಿ ಅಲ್ಲೊಬ್ಬರನ್ನು ನಿಲ್ಲಿಸಿ.

ಮುಗಿಸಿದ ಮೇಲೆ ತಾಳೆ ನೋಡುವುದು

ಮಾತನ್ನು ಆರಾಮವಾಗಿ ಕೇಳುವ ಮಟ್ಟಕ್ಕೆ ಇಟ್ಟು, ಹಿನ್ನೆಲೆ ಸದ್ದನ್ನು ಅದಕ್ಕಿಂತ 18ರಿಂದ 20 ಡಿಬಿ ಕೆಳಗಿಡಿ, ಗರಿಷ್ಠ ಮಟ್ಟ ಮೈನಸ್ 1 ಡಿಬಿ ದಾಟದಿರಲಿ. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಒಟ್ಟಾರೆ ಸದ್ದಿನ ಜೋರು ಅಳೆಯುವ ಮಾನ) ಜೋರಾದದ್ದನ್ನು ತಗ್ಗಿಸುತ್ತದೆ, ಮೆಲ್ಲಗಿನದನ್ನು ಏರಿಸುವುದಿಲ್ಲ. ಎಲ್ಲವನ್ನೂ ಒಂದೇ ಸಮ ಜೋರು ಮಾಡಿದರೆ ಪಿಸುಮಾತಿಗೂ ಶಟರ್ ಬಿದ್ದ ಸದ್ದಿಗೂ ವ್ಯತ್ಯಾಸವೇ ಉಳಿಯದು.

ಆಮೇಲೆ ಒಮ್ಮೆ ಸೌಂಡು ಬಂದ್ ಮಾಡಿ ನೋಡಿ: ಜಾಗ, ದೂರ, ಚಪ್ಪಲಿ ತಿಳಿಯಿತೇ? ಒಮ್ಮೆ ಸ್ಕ್ರೀನು ಮಗುಚಿಟ್ಟು ಬರೀ ಕೇಳಿ: ರಿಂಗನ್ನು ಯಾರೋ ಕಟ್ ಮಾಡಿದರು ಅಂತ ಗೊತ್ತಾಯಿತೇ? ಕೊನೆಗೆ ಕಥೆ ಗೊತ್ತಿಲ್ಲದ ಐದು ಜನರಿಗೆ ಒಬ್ಬೊಬ್ಬರಾಗಿ, ಅವರವರ ಫೋನಿನಲ್ಲೇ ತೋರಿಸಿ. ನೀವು ಸ್ಕ್ರೀನು ನೋಡಬೇಡಿ, ಅವರ ಕೈ ನೋಡಿ. ವಿಡಿಯೋ ಮುಂದೋಡಿಸಲು ಹೆಬ್ಬೆರಳು ಸ್ಕ್ರೀನಿನ ಕಡೆ ಸರಿದ ಗಳಿಗೆಯನ್ನು ಬರೆದುಕೊಳ್ಳಿ. ಮೂರು ಜನರ ಬೆರಳು ಒಂದೇ ಗಳಿಗೆಯಲ್ಲಿ ಸರಿದಿದ್ದರೆ ದೋಷ ಆ ಶಾಟಿನಲ್ಲಿ ಇರುವುದು ಕಡಿಮೆ, ಸಾಮಾನ್ಯವಾಗಿ ಅದಕ್ಕೆ ಹತ್ತು ಹದಿನೈದು ಸೆಕೆಂಡು ಮೊದಲು ಇರುತ್ತದೆ. ಟೈಮ್‌ಲೈನಿನಲ್ಲಿ ಅಲ್ಲಿಗೆ ಹೋಗಿ, ಅಷ್ಟರೊಳಗೆ ಅವರಿಗೆ ಏನು ಗೊತ್ತಿರಬೇಕಿತ್ತೋ ಅದು ಮುಟ್ಟಿದೆಯೇ ಅಂತ ಮೊದಲು ನೋಡಿ. ಮುಟ್ಟಿದ್ದರೆ ಮಾತ್ರ ಶಾಟಿನ ಉದ್ದಕ್ಕೆ ಕೈ ಹಾಕಿ.